“ನಿನ್ನೆ ಏಕೆ ಬರಲಿಲ್ಲ?”

ಜನಸಂದಣಿಯ ನಡುವೆಯೇ ಒಂಟಿಯಾಗುತ್ತಿರುವ ಇಂದಿನ ಮಾನವನನ್ನು ಕುರಿತು

ಜಪಾನ್ ದೇಶದ ರಾಜಧಾನಿಯಾದ ಟೋಕಿಯೋ ನಗರಕ್ಕೆ ಸಮೀಪದಲ್ಲಿರುವ ಮಾತ್ಸುದೊ ಎಂಬ ಊರಿನಲ್ಲಿ, ತೋಕಿವಾದೈರಾ ಎಂಬ ವಿಶಾಲವಾದ ಬಡಾವಣೆಯೊಂದಿದೆ. 1960ರ ಸುಮಾರಿನಲ್ಲಿ ಅದನ್ನು ಕಟ್ಟಿದಾಗ, ಅಲ್ಲೊಂದು ಮನೆ ದೊರೆಯುವುದೇ ಭಾಗ್ಯವೆಂದು ತರುಣ ದಂಪತಿಗಳು ಭಾವಿಸುತ್ತಿದ್ದರು. ಸಾಲುಸಾಲಾಗಿ ನಿಂತ ಮಹಡಿಮನೆಗಳು, ಹೊಸ ರೀತಿಯ ಅಡಿಗೆಮನೆ, ಮಕ್ಕಳ ಆಟಕ್ಕೆ ಬಯಲು! ಆಧುನಿಕ ಜೀವನವೆಂದರೆ ಹೀಗಿರಬೇಕೆಂದು ಎಲ್ಲರಿಗೂ ಅನ್ನಿಸಿತ್ತು. ನಲವತ್ತು ವರ್ಷಗಳು ಉರುಳಿದವು. 2000ದ ಇಸವಿಯಲ್ಲಿ ಅಲ್ಲಿನ ಒಂದು ಮನೆಯ ಬಾಡಿಗೆ ಬರುವುದು ನಿಂತುಹೋಯಿತು. ಕಾರಣವೇನೆಂದು ತಿಳಿಯಲು ಬಾಗಿಲು ತೆರೆಸಿ ನೋಡಿದರೆ, ಒಳಗಿದ್ದುದು ಒಬ್ಬ ವಯಸ್ಸಾದ ಗಂಡಸಿನ ಅಸ್ಥಿಪಂಜರ. ಆತ ತೀರಿಕೊಂಡು ಮೂರು ವರ್ಷಗಳಾಗಿದ್ದವು.

ಆ ಮೂರು ವರ್ಷಗಳೂ ಬಾಡಿಗೆ ಮಾತ್ರ ತಪ್ಪದೆ ಸಂದಾಯವಾಗುತ್ತಲೇ ಇತ್ತು. ಬ್ಯಾಂಕು ಆತನ ಖಾತೆಯಿಂದ ತಿಂಗಳು ತಿಂಗಳೂ ತಾನಾಗಿಯೇ ಹಣ ಮುರಿದುಕೊಳ್ಳುತ್ತಿತ್ತು. ಖಾತೆ ಬರಿದಾದ ಮೇಲಷ್ಟೆ ಲೋಕಕ್ಕೆ ಆತನ ನೆನಪಾಯಿತು. ಗೋಡೆಗೆ ಗೋಡೆ ಹೊಂದಿಕೊಂಡ ಮನೆಗಳು. ಮೆಟ್ಟಿಲಲ್ಲಿ ಹತ್ತಿ ಇಳಿಯುವ ಜನ. ಆದರೂ “ಇವರೇಕೆ ಈಚೆಗೆ ಕಾಣುತ್ತಿಲ್ಲ?” ಎಂದು ಬಂದು ಬಾಗಿಲು ತಟ್ಟುವವರು ಒಬ್ಬರೂ ಇರಲಿಲ್ಲ.

ಜಪಾನೀಯರು ಇಂತಹ ಮರಣವನ್ನು ‘ಕೊದೊಕುಶಿ’ ಎನ್ನುತ್ತಾರೆ. ‘ಒಂಟಿ ಸಾವು’ ಎಂದು ಅದರ ಅರ್ಥ. 1995ರಲ್ಲಿ ಕೋಬೆ ನಗರದಲ್ಲಿ ಭೀಕರ ಭೂಕಂಪವಾಗಿ, ಹಳೆಯ ನೆರೆಹೊರೆಗಳು ಚದುರಿ, ತಾತ್ಕಾಲಿಕ ಮನೆಗಳಲ್ಲಿ ನೆಲೆಸಿದ ವೃದ್ಧರು ಯಾರಿಗೂ ಅರಿವಾಗದಂತೆ ಕಣ್ಮುಚ್ಚತೊಡಗಿದಾಗ ಆ ಶಬ್ದ ದೇಶದಲ್ಲೆಲ್ಲ ಮನೆಮಾತಾಯಿತು. 2024ನೆಯ ವರ್ಷವೊಂದರಲ್ಲಿಯೇ, ಒಂಟಿಯಾಗಿ ವಾಸಿಸುತ್ತಿದ್ದು ಮನೆಯಲ್ಲಿ ಮೃತರಾಗಿ ಕಂಡುಬಂದವರ ಸಂಖ್ಯೆ 76,000ವನ್ನು ಮೀರಿತೆಂದು ಅಲ್ಲಿನ ಪೊಲೀಸ್ ಇಲಾಖೆ ಲೆಕ್ಕ ಹಾಕಿದೆ. ಅವರಲ್ಲಿ ಮುಕ್ಕಾಲು ಪಾಲು ಜನ 65 ವರ್ಷ ದಾಟಿದವರು.

ಮಂತ್ರಿಗಳೇ ಬೇಕಾದರು

ಇದು ದೂರದ ದೇಶದ ಕಥೆಯೆಂದು ತಳ್ಳಿಹಾಕುವಂತಿಲ್ಲ. 2018ರ ಜನವರಿಯಲ್ಲಿ ಇಂಗ್ಲೆಂಡಿನ ಸರಕಾರ ತನ್ನ ಮಂತ್ರಿಯೊಬ್ಬರಿಗೆ ಒಂಟಿತನದ ನಿವಾರಣೆಯ ಹೊಣೆಯನ್ನು ವಹಿಸಿತು. ರಕ್ಷಣೆಗೆ, ಹಣಕಾಸಿಗೆ ಮಂತ್ರಿಗಳಿರುವಂತೆ ಒಂಟಿತನಕ್ಕೂ ಒಬ್ಬ ಮಂತ್ರಿಯೇ ಎಂದು ಆಗ ನಕ್ಕವರುಂಟು. ಮೂರು ವರ್ಷಗಳ ತರುವಾಯ, 2021ರಲ್ಲಿ, ಜಪಾನ್ ಸಹ ಅದೇ ಹಾದಿ ಹಿಡಿಯಿತು. 2023ರ ಮೇ ತಿಂಗಳಲ್ಲಿ ಅಮೆರಿಕೆಯ ಸರ್ಜನ್ ಜನರಲ್ ಆಗಿದ್ದ ಡಾಕ್ಟರ್ ವಿವೇಕ್ ಮೂರ್ತಿಯವರು, ಒಂಟಿತನವು ತಮ್ಮ ದೇಶವನ್ನು ಸಾಂಕ್ರಾಮಿಕದಂತೆ ಆವರಿಸಿದೆಯೆಂದು ಅಧಿಕೃತವಾಗಿ ಎಚ್ಚರಿಸಿದರು. ಅಲ್ಲಿನ ವಯಸ್ಕರಲ್ಲಿ ಸುಮಾರು ಅರ್ಧದಷ್ಟು ಜನ ಒಂದಲ್ಲ ಒಂದು ಪ್ರಮಾಣದಲ್ಲಿ ಒಂಟಿತನವನ್ನು ಅನುಭವಿಸುತ್ತಿರುವರೆಂದು ಅವರ ವರದಿ ತಿಳಿಸಿತು. ಈ ಮೂರ್ತಿಯವರ ಮನೆತನ ನಮ್ಮ ಮಂಡ್ಯ ಜಿಲ್ಲೆಯ ಹಲ್ಲೆಗೆರೆಯದು ಎಂಬುದನ್ನು ವಾಚಕರು ಬಲ್ಲರು.

“ಪಾಶ್ಚಾತ್ಯರ ಮಾತು ಬಿಡಿ, ನಮ್ಮಲ್ಲಿ ಬಂಧುಬಳಗವಿದೆ, ಹಬ್ಬಹರಿದಿನಗಳಿವೆ, ನಮಗೇಕೆ ಒಂಟಿತನ?” ಎಂದು ಕೇಳುವವರಿದ್ದಾರೆ. ಅವರಿಗೆ ವಿಶ್ವ ಆರೋಗ್ಯ ಸಂಸ್ಥೆ 2025ರ ಜೂನ್ ತಿಂಗಳಲ್ಲಿ ಪ್ರಕಟಿಸಿದ ವರದಿಯನ್ನು ತೋರಿಸಬೇಕು. ಪ್ರಪಂಚದಲ್ಲಿ ಆರು ಜನರಲ್ಲಿ ಒಬ್ಬರು ಒಂಟಿತನದಿಂದ ಬಳಲುತ್ತಿದ್ದಾರೆ. ಅದರ ಪರಿಣಾಮವಾಗಿ ವರ್ಷಕ್ಕೆ ಎಂಟು ಲಕ್ಷಕ್ಕೂ ಹೆಚ್ಚು ಮರಣಗಳು ಸಂಭವಿಸುತ್ತಿವೆ ಎಂದು ಆ ವರದಿ ಅಂದಾಜು ಮಾಡುತ್ತದೆ. ಅದರಲ್ಲಿ ನಮ್ಮ ನಂಬಿಕೆಗಳನ್ನು ಬುಡಮೇಲು ಮಾಡುವ ಎರಡು ಸಂಗತಿಗಳಿವೆ. ಒಂದು: ಶ್ರೀಮಂತ ದೇಶಗಳಲ್ಲಿ ನೂರಕ್ಕೆ ಸುಮಾರು 11 ಜನ ಒಂಟಿತನವನ್ನು ಹೇಳಿಕೊಂಡರೆ, ಬಡ ದೇಶಗಳಲ್ಲಿ ನೂರಕ್ಕೆ ಸುಮಾರು 24 ಜನ ಹೇಳಿಕೊಂಡಿದ್ದಾರೆ. ಎರಡು: ಒಂಟಿತನವು ಮುದುಕರ ಪಾಡು ಮಾತ್ರವಲ್ಲ, 13ರಿಂದ 29ರವರೆಗಿನ ಪ್ರಾಯದವರಲ್ಲಿಯೂ ನೂರಕ್ಕೆ 17ರಿಂದ 21 ಜನ ಅದನ್ನು ಅನುಭವಿಸುತ್ತಿದ್ದಾರೆ. ಕಾಲೇಜಿನಿಂದ ಬಂದು ಕೋಣೆಯ ಬಾಗಿಲು ಹಾಕಿಕೊಳ್ಳುವ ಮಗನೂ, ಎಂಬತ್ತು ದಾಟಿದ ಅಜ್ಜನೂ ಒಂದೇ ಮನೆಯಲ್ಲಿ ಒಂದೇ ನೋವನ್ನು ಉಣ್ಣುತ್ತಿರಬಹುದು. ಒಬ್ಬರದು ಇನ್ನೊಬ್ಬರಿಗೆ ತಿಳಿಯದಿರಬಹುದು.

ಏಕಾಂತ ಬೇರೆ, ಒಂಟಿತನ ಬೇರೆ

ಈ ವಿಷಯದಲ್ಲಿ ನಮ್ಮ ಭಾಷೆ ಬಹಳ ವಿವೇಕದಿಂದ ನಡೆದುಕೊಂಡಿದೆ. ‘ಏಕಾಂತ’ ಎಂಬ ಮಾತು ನಮಗೆ ಪ್ರಿಯವಾದದ್ದು. ಯೋಗಿಗೆ ಏಕಾಂತ ಬೇಕು, ಕವಿಗೆ ಬೇಕು, ಪರೀಕ್ಷೆಗೆ ಓದುವ ವಿದ್ಯಾರ್ಥಿಗೂ ಬೇಕು. ಅದನ್ನು ನಾವು ಬಯಸಿ ಅರಸಿಕೊಂಡು ಹೋಗುತ್ತೇವೆ. ‘ಒಂಟಿತನ’ವಾದರೋ ಕರೆಯದೆ ಬರುವ ಅತಿಥಿ. ಅಕ್ಕಮಹಾದೇವಿ ಕದಳಿಯ ವನವನ್ನು ಹೊಕ್ಕಾಗ ಆಕೆ ಏಕಾಂಗಿನಿ. ಆದರೆ ಒಂಟಿಯೆನ್ನಲು ಯಾರಿಗೂ ಬಾಯಿ ಬಾರದು. ಇತ್ತ ಹನ್ನೆರಡು ಜನರಿರುವ ತುಂಬಿದ ಮನೆಯಲ್ಲಿ, ಬೆಳಗಿನಿಂದ ರಾತ್ರಿಯವರೆಗೆ ಎಲ್ಲರ ಊಟ ಉಪಚಾರಗಳನ್ನು ನೋಡಿಕೊಂಡು, “ನಿನಗೆ ಏನು ಬೇಕಮ್ಮ?” ಎಂಬ ಒಂದು ಮಾತನ್ನೂ ಕೇಳದ ಸೊಸೆ ಒಂಟಿ. ಆಕೆಯ ಸುತ್ತ ಜನಕ್ಕೇನೂ ಕೊರತೆಯಿಲ್ಲ.

1973ರಲ್ಲಿ ರಾಬರ್ಟ್ ವೀಸ್ ಎಂಬ ಅಮೆರಿಕದ ಸಮಾಜಶಾಸ್ತ್ರಜ್ಞರು ಒಂಟಿತನದಲ್ಲಿಯೂ ಎರಡು ಬಗೆಗಳನ್ನು ಗುರುತಿಸಿದರು. ಹತ್ತಿರದ ಒಂದು ಜೀವ, ಎಂದರೆ ಪತಿ, ಪತ್ನಿ ಅಥವಾ ಪ್ರಾಣಸ್ನೇಹಿತ, ಇಲ್ಲವಾದಾಗ ಉಂಟಾಗುವುದು ಒಂದು. ತನ್ನವರೆಂಬ ಬಳಗವೊಂದು ಇಲ್ಲದಾಗ ಉಂಟಾಗುವುದು ಮತ್ತೊಂದು. ಒಂದರ ಕೊರತೆಯನ್ನು ಇನ್ನೊಂದು ನೀಗಿಸಲಾರದು ಎಂಬುದು ಅವರ ವಾದದ ಮುಖ್ಯಾಂಶ. ಪತಿಗೆ ಪುಣೆಗೋ ದೆಹಲಿಗೋ ವರ್ಗವಾಗಿ ಆತನೊಡನೆ ಹೊರಟ ಗೃಹಿಣಿಯನ್ನು ನೆನೆಯಿರಿ. ಪತಿ ಒಳ್ಳೆಯವನೇ. ಆದರೂ ಮಧ್ಯಾಹ್ನದ ಹೊತ್ತು ಆಕೆಗೆ ಮನೆ ಬಿಕೋ ಎನ್ನುತ್ತದೆ. “ನಾನಿಲ್ಲವೆ?” ಎಂದು ಪತಿ ಅಚ್ಚರಿಯಿಂದ ಕೇಳುತ್ತಾನೆ. ಆಕೆಗೆ ಬೇಕಾದುದು ಇನ್ನೊಬ್ಬ ಪತಿಯಲ್ಲ, ಹೂವು ಕೊಳ್ಳುವಾಗ ಜೊತೆಗೆ ನಿಂತು ನಗುವ ಒಬ್ಬ ಗೆಳತಿ. ಹಾಗೆಯೇ ಪತ್ನಿಯನ್ನು ಕಳೆದುಕೊಂಡ ವೃದ್ಧರ ಮನೆಯಲ್ಲಿ ನೆಂಟರು ತುಂಬಿ ತುಳುಕಿದರೂ, ರಾತ್ರಿ ದೀಪವಾರಿದ ಮೇಲೆ ಆ ಒಂದು ಧ್ವನಿ ಇಲ್ಲವೆಂಬುದು ಇಲ್ಲವೇ.

ಇದೂ ಒಂದು ಹಸಿವು

ಒಂಟಿತನವು ಬರಿಯ ಮನಸ್ಸಿನ ಕಲ್ಪನೆ, ದುರ್ಬಲರ ಗೋಳು ಎಂದು ಬಹುಕಾಲ ತಿಳಿಯಲಾಗಿತ್ತು. ಷಿಕಾಗೋ ವಿಶ್ವವಿದ್ಯಾನಿಲಯದ ಮನಶ್ಶಾಸ್ತ್ರಜ್ಞ ಜಾನ್ ಕಸಿಯೋಪೊ ಅವರು ತಮ್ಮ ಜೀವಮಾನದ ಸಂಶೋಧನೆಯಿಂದ ಈ ತಿಳಿವಳಿಕೆಯನ್ನು ತಿದ್ದಿದರು. ದೇಹಕ್ಕೆ ಆಹಾರ ಬೇಕಾದಾಗ ಹಸಿವು, ನೀರು ಬೇಕಾದಾಗ ಬಾಯಾರಿಕೆ. ಹಾಗೆಯೇ ಸಹಜೀವಿಗಳ ಸಂಗ ಬೇಕಾದಾಗ ದೇಹ ಕೊಡುವ ಸೂಚನೆಯೇ ಒಂಟಿತನ ಎಂದು ಅವರು ವಾದಿಸಿದರು. ಕಾಡಿನಲ್ಲಿ ಗುಂಪಿನಿಂದ ಬೇರ್ಪಟ್ಟ ಆದಿಮಾನವ ಹೆಚ್ಚು ದಿನ ಬದುಕುತ್ತಿರಲಿಲ್ಲ. ಗುಂಪಿಗೆ ಮರಳುವಂತೆ ಅವನನ್ನು ಕಾಡುವ ನೋವೊಂದು ಇರಬೇಕಾಗಿತ್ತು.

ಹಸಿವೆಂಬ ಈ ಹೋಲಿಕೆ ಕೇವಲ ಅಲಂಕಾರವಲ್ಲ. ಅಮೆರಿಕೆಯ ಮ್ಯಾಸಚೂಸೆಟ್ಸ್ ತಂತ್ರವಿಜ್ಞಾನ ಸಂಸ್ಥೆಯ ಸಂಶೋಧಕರು 40 ಜನ ಸ್ವಯಂಸೇವಕರನ್ನು ಒಂದು ದಿನ ಹತ್ತು ಗಂಟೆಗಳ ಕಾಲ ಒಬ್ಬೊಬ್ಬರನ್ನಾಗಿ ಕೋಣೆಯಲ್ಲಿರಿಸಿದರು. ಮಾತಿಲ್ಲ, ದೂರವಾಣಿಯಿಲ್ಲ. ಮತ್ತೊಂದು ದಿನ ಅದೇ ಜನರನ್ನು ಹತ್ತು ಗಂಟೆಗಳ ಕಾಲ ಉಪವಾಸವಿರಿಸಿದರು. ತರುವಾಯ ಚಿತ್ರಗಳನ್ನು ತೋರಿಸುತ್ತ ಅವರ ಮೆದುಳನ್ನು ಪರೀಕ್ಷಿಸಿದರು. ಹಸಿದವರಿಗೆ ತಿಂಡಿಯ ಚಿತ್ರ ಕಂಡಾಗ ಮೆದುಳಿನ ಆಳದಲ್ಲಿ ಯಾವ ಭಾಗ ಮಿಡಿಯಿತೋ, ಒಂಟಿಯಾಗಿದ್ದವರಿಗೆ ಜನರು ಕೂಡಿ ನಲಿಯುವ ಚಿತ್ರ ಕಂಡಾಗಲೂ ಅದೇ ಭಾಗ ಮಿಡಿಯಿತು! 2020ರಲ್ಲಿ ಈ ಪ್ರಯೋಗದ ಫಲ ಪ್ರಕಟವಾಯಿತು. ಹಸಿದವನನ್ನು ಯಾರೂ “ನೀನು ದುರ್ಬಲ” ಎಂದು ಜರೆಯುವುದಿಲ್ಲ. ಒಂಟಿಯಾದವನನ್ನು ಜರೆಯುವುದೂ ಅಷ್ಟೇ ಅನ್ಯಾಯ.

ಹಸಿವು ತಣಿಯದಿದ್ದರೆ ದೇಹ ಸೊರಗುವಂತೆ ಈ ಹಸಿವಿನಿಂದಲೂ ದೇಹ ಸೊರಗುತ್ತದೆ. ಕ್ಯಾಲಿಫೋರ್ನಿಯದ ಅಲಮೇಡ ಎಂಬ ಪ್ರಾಂತದಲ್ಲಿ 1965ರಲ್ಲಿ ಸುಮಾರು 7,000 ಜನರ ಜೀವನಕ್ರಮವನ್ನು ದಾಖಲಿಸಿ, ಒಂಬತ್ತು ವರ್ಷಗಳವರೆಗೆ ಅವರ ಯೋಗಕ್ಷೇಮವನ್ನು ಗಮನಿಸಲಾಯಿತು. ದಾಂಪತ್ಯ, ನೆಂಟರಿಷ್ಟರು, ಸಂಘ ಸಂಸ್ಥೆಗಳು ಇವುಗಳ ನಂಟು ಅತ್ಯಂತ ಕಡಿಮೆಯಿದ್ದವರಲ್ಲಿ ಮರಣದ ಪ್ರಮಾಣ, ನಂಟು ಹೇರಳವಾಗಿದ್ದವರಿಗಿಂತ ಎರಡು ಪಟ್ಟಿಗೂ ಮೀರಿತ್ತು. ಧೂಮಪಾನ, ಮದ್ಯಪಾನ, ಬಡತನಗಳನ್ನು ಲೆಕ್ಕಕ್ಕೆ ಹಿಡಿದರೂ ಈ ಅಂತರ ಅಳಿಯಲಿಲ್ಲ. 2010ರಲ್ಲಿ ಇಂತಹ 148 ಅಧ್ಯಯನಗಳನ್ನು, ಎಂದರೆ ಮೂರು ಲಕ್ಷಕ್ಕೂ ಹೆಚ್ಚು ಜನರ ವಿವರಗಳನ್ನು, ಒಟ್ಟುಗೂಡಿಸಿ ನೋಡಿದಾಗಲೂ ಇದೇ ಸತ್ಯ ಕಂಡುಬಂದಿತು. ಮನುಷ್ಯರ ನಂಟು ಬಲವಾಗಿರುವವರು ಬದುಕಿ ಉಳಿಯುವ ಸಂಭವ ನೂರಕ್ಕೆ ಐವತ್ತರಷ್ಟು ಹೆಚ್ಚು. ಸಕ್ಕರೆ ಕಾಯಿಲೆ, ರಕ್ತದ ಒತ್ತಡಗಳನ್ನು ಅಳೆಸಿಕೊಳ್ಳಲು ತಪ್ಪದೆ ವೈದ್ಯರ ಬಳಿಗೆ ಹೋಗುವ ನಾವು, ತಿಂಗಳಿಗೆ ಎಷ್ಟು ಜನ ನಮ್ಮ ಮನೆಗೆ ಬಂದರೆಂಬುದನ್ನು ಎಂದಾದರೂ ಎಣಿಸಿದ್ದೇವೆಯೆ?

ಮುಳ್ಳುಬೇಲಿ

ಅನ್ನದ ಹಸಿವಿಗೂ ಈ ಹಸಿವಿಗೂ ಒಂದು ದೊಡ್ಡ ವ್ಯತ್ಯಾಸವುಂಟು. ಹಸಿದವನು ಅನ್ನವನ್ನು ಕಂಡೊಡನೆ ಕೈಚಾಚುತ್ತಾನೆ. ಬಹುಕಾಲ ಒಂಟಿಯಾಗಿದ್ದವನು ಜನರನ್ನು ಕಂಡರೆ ಹಿಂಜರಿಯುತ್ತಾನೆ. ಗುಂಪಿನಿಂದ ಬೇರ್ಪಟ್ಟ ಪ್ರಾಣಿ ಎಲೆ ಅಲುಗಿದರೂ ಬೆಚ್ಚುವಂತೆ, ಒಂಟಿಯಾದವನ ಮನಸ್ಸು ಸದಾ ಅಪಾಯವನ್ನು ನಿರೀಕ್ಷಿಸುತ್ತಿರುತ್ತದೆಂದು ಕಸಿಯೋಪೊ ಅವರು ತೋರಿಸಿದರು. ಪಕ್ಕದ ಮನೆಯವರು ಅವಸರದಲ್ಲಿ ನೋಡದೆ ಹೋದರೆ, “ಬೇಕೆಂದೇ ಮುಖ ತಿರುಗಿಸಿದರು” ಎನ್ನಿಸುತ್ತದೆ. ಮದುವೆಗೆ ಕರೆ ಬಂದರೆ, “ನಾನು ಹೋಗದಿದ್ದರೆ ಅವರಿಗೇನು ನಷ್ಟ?” ಎನ್ನಿಸುತ್ತದೆ. ಹೀಗೆ ತಾನೇ ಹಿಂದೆ ಸರಿಯುತ್ತಾನೆ. ಜನರೂ “ಅವರು ಸ್ವಲ್ಪ ಬಿಗುಮಾನದವರು” ಎಂದುಕೊಂಡು ಕರೆಯುವುದನ್ನೇ ಬಿಡುತ್ತಾರೆ. ಎರಡು ಕಡೆಯಿಂದಲೂ ಬೇಲಿ ಬೆಳೆಯುತ್ತದೆ.

ಇದಕ್ಕೆ ನಾಚಿಕೆಯೂ ಕೂಡಿಕೊಳ್ಳುತ್ತದೆ. ಮಂಡಿನೋವನ್ನು ನಾಲ್ಕು ಜನರೆದುರು ಹೇಳಿಕೊಳ್ಳಬಹುದು. “ನನಗೆ ಮಾತನಾಡುವವರಿಲ್ಲ” ಎಂದು ಹೇಳಿಕೊಳ್ಳುವುದು ಹೇಗೆ? ಮಗ ಅಮೆರಿಕೆಯಲ್ಲಿ, ಮಗಳು ಸಿಂಗಪುರದಲ್ಲಿ, ಕೈತುಂಬ ಪಿಂಚಣಿ. ಇಷ್ಟಿದ್ದೂ ಗೋಳು ಹೇಳಿಕೊಂಡರೆ ಜನ ಏನೆಂದಾರು? ಆದುದರಿಂದ ರಾಯರು ನಗುತ್ತ “ಎಲ್ಲ ಚೆನ್ನಾಗಿದೆ” ಎನ್ನುತ್ತಾರೆ. ಇಲ್ಲಿ ರಾತ್ರಿಯಾದಾಗ ಅಲ್ಲಿ ಬೆಳಗು. ಮೊಬೈಲಿನ ಪರದೆಯ ಮೇಲೆ ಮೊಮ್ಮಗುವಿನ ಮುಖ ಹತ್ತು ನಿಮಿಷ ಮೂಡಿ ಮರೆಯಾಗುತ್ತದೆ. ಆ ಹತ್ತು ನಿಮಿಷಗಳು ಅಮೂಲ್ಯವೇ ಸರಿ. ಆದರೆ ರಾಯರು ಈ ದಿನ ಔಷಧ ತೆಗೆದುಕೊಳ್ಳುವುದನ್ನು ಮರೆತರೆಂಬುದು ಆ ಪರದೆಗೆ ಕಾಣುವುದಿಲ್ಲ.

ವಠಾರದ ನೆನಪು

ಹಿಂದೆ ಹೀಗಿರಲಿಲ್ಲವೆಂದು ನಿಟ್ಟುಸಿರಿಡುವುದು ಸುಲಭ. ಬೆಂಗಳೂರು, ಮೈಸೂರುಗಳ ಹಳೆಯ ವಠಾರಗಳನ್ನು ಕಂಡವರಿಗೆ ಅಲ್ಲಿನ ಜೀವನ ನೆನಪಿರಬಹುದು. ಒಂದೇ ಅಂಗಳದ ಸುತ್ತ ಎಂಟು ಹತ್ತು ಪುಟ್ಟ ಮನೆಗಳು. ಎಲ್ಲರಿಗೂ ಸೇರಿ ಒಂದು ನಲ್ಲಿ. ನೀರು ಬರುವ ಹೊತ್ತಿಗೆ ಬಿಂದಿಗೆಗಳ ಸಾಲು, ಜೊತೆಗೆ ಮಾತಿನ ಸಾಲು. ಒಂದು ದಿನ ಒಬ್ಬಾಕೆ ಕಾಣಿಸದಿದ್ದರೆ ಮರುದಿನ, “ಏಕಮ್ಮ, ನಿನ್ನೆ ನೀರಿಗೆ ಬರಲಿಲ್ಲ? ಮೈಗೆ ಹುಷಾರಿಲ್ಲವೆ?” ಎಂದು ನಾಲ್ಕು ಬಾಯಿಗಳು ಕೇಳುತ್ತಿದ್ದವು. ಒಂದು ಲೋಟ ಸಕ್ಕರೆ, ಒಂದು ಹಿಡಿ ಕರಿಬೇವು ಆ ಮನೆಯಿಂದ ಈ ಮನೆಗೆ ಹರಿದಾಡುತ್ತಿತ್ತು.

ಆದರೆ ವಠಾರವನ್ನು ಸ್ವರ್ಗವೆಂದು ವರ್ಣಿಸುವುದೂ ಸತ್ಯವಲ್ಲ. ಅಲ್ಲಿ ಗುಟ್ಟೆಂಬುದೇ ಇರಲಿಲ್ಲ. ನಲ್ಲಿಯ ಬಳಿ ಜಗಳಗಳಿದ್ದವು. ಜಾತಿ ನೋಡದೆ ಮನೆ ಕೊಡುವ ಮಾಲಿಕರು ವಿರಳ. ಗಂಡನ ಮನೆಯ ಕಷ್ಟವನ್ನು ಗೋಡೆಗೂ ಕೇಳಿಸದಂತೆ ನುಂಗಿಕೊಂಡ ಹೆಣ್ಣುಮಕ್ಕಳು ಅಲ್ಲಿಯೂ ಇದ್ದರು. ಬಾಗಿಲು ಹಾಕಿಕೊಂಡು ತನ್ನಿಷ್ಟದಂತೆ ಬದುಕುವ ಸ್ವಾತಂತ್ರ್ಯವನ್ನು ಬಯಸಿಯೇ ಜನ ಬಹುಮಹಡಿಯ ಫ್ಲ್ಯಾಟುಗಳಿಗೆ ಬಂದರು. ಅವರನ್ನು ತಪ್ಪುಗಾರರೆನ್ನಲಾಗದು. ಕಳೆದುಹೋದದ್ದು ವಠಾರವಲ್ಲ; ವಠಾರದಲ್ಲಿ ಬೇಡವೆಂದರೂ ದೊರೆಯುತ್ತಿದ್ದ ಆ ಒಂದು ಪ್ರಶ್ನೆ: “ನಿನ್ನೆ ಏಕೆ ಬರಲಿಲ್ಲ?” ನಾನು ಇಲ್ಲದಿರುವುದನ್ನು ಒಬ್ಬರು ಗಮನಿಸಿದರು ಎಂಬುದಕ್ಕೆ ಅದಕ್ಕಿಂತ ದೊಡ್ಡ ಸಾಕ್ಷಿ ಬೇಕೆ? ಅಂದು ಆ ಪ್ರಶ್ನೆ ತಾನಾಗಿಯೇ ಬರುತ್ತಿತ್ತು. ಇಂದು ನಾವು ಅದಕ್ಕೊಂದು ಏರ್ಪಾಡು ಮಾಡಿಕೊಳ್ಳಬೇಕಾಗಿದೆ.

ಹರಟೆಯ ಗಲ್ಲಾ, ಅಜ್ಜಿಯರ ಬೆಂಚು

ಇಂತಹ ಏರ್ಪಾಡುಗಳು ಅಲ್ಲಲ್ಲಿ ನಡೆದಿವೆ. ಹಾಲೆಂಡಿನ ಒಂದು ದೊಡ್ಡ ಅಂಗಡಿ ಸಂಸ್ಥೆ 2019ರಲ್ಲಿ ತನ್ನ ಮಳಿಗೆಯೊಂದರಲ್ಲಿ ‘ಹರಟೆಯ ಗಲ್ಲಾ’ ಎಂಬುದನ್ನು ತೆರೆಯಿತು. ಬೇರೆ ಗಲ್ಲಾಗಳಲ್ಲಿ ಅವಸರ, ಇಲ್ಲಿ ಅವಸರವಿಲ್ಲ. ಹಣ ಕೊಡುವಾಗ ನಾಲ್ಕು ಮಾತನಾಡಬೇಕೆನ್ನುವವರು ಈ ಸಾಲಿಗೆ ಬರಬಹುದು. ಜನರ ಮೆಚ್ಚುಗೆಯನ್ನು ಕಂಡು ಸಂಸ್ಥೆ ಇದನ್ನು ಇತರ ಮಳಿಗೆಗಳಿಗೂ ವಿಸ್ತರಿಸಿತು. ನಮ್ಮ ಬೀದಿಯ ಶೆಟ್ಟರ ಅಂಗಡಿಯಲ್ಲಿ ಈ ಸೌಕರ್ಯ ತಲೆತಲಾಂತರದಿಂದ ಉಚಿತವಾಗಿ ನಡೆದುಬಂದಿದೆಯೆಂದು ವಾಚಕರು ನಗಬಹುದು. ನಗಲಿ, ಆದರೆ ದಿನಸಿಯನ್ನು ಮೊಬೈಲಿನಲ್ಲಿ ತರಿಸಿಕೊಳ್ಳುವಾಗ ನಾವು ಕೈಬಿಟ್ಟದ್ದು ಏನೆಂಬುದನ್ನೂ ಒಮ್ಮೆ ಯೋಚಿಸಲಿ.

ಇದಕ್ಕಿಂತಲೂ ಮನಸ್ಸನ್ನು ತಟ್ಟುವ ಉದಾಹರಣೆ ಆಫ್ರಿಕೆಯ ಜಿಂಬಾಬ್ವೆಯದು. ಅಲ್ಲಿನ ಮನೋವೈದ್ಯ ಡಾಕ್ಟರ್ ಡಿಕ್ಸನ್ ಚಿಬಾಂಡ ಅವರ ಬಳಿ ಚಿಕಿತ್ಸೆಗೆ ಬರಬೇಕಾಗಿದ್ದ ತರುಣಿಯೊಬ್ಬಳು ಬಸ್ಸಿನ ವೆಚ್ಚಕ್ಕೆ ಹಣವಿಲ್ಲದೆ ಬಾರದೆಯೇ ಉಳಿದು, ಪ್ರಾಣ ಕಳೆದುಕೊಂಡಳು. ಕೋಟಿಗೂ ಮೀರಿದ ಜನಸಂಖ್ಯೆಗೆ ಬೆರಳೆಣಿಕೆಯ ಮನೋವೈದ್ಯರಿದ್ದ ದೇಶ ಅದು. ನೊಂದ ಡಾಕ್ಟರು 2006ರಲ್ಲಿ ಒಂದು ಉಪಾಯ ಹೂಡಿದರು. ವೈದ್ಯರಿಲ್ಲದಿದ್ದರೇನು, ಅಜ್ಜಿಯರಿದ್ದಾರಲ್ಲ! ಹರಾರೆ ನಗರದ ಬಡ ಬಡಾವಣೆಯೊಂದರಲ್ಲಿ 14 ಮಂದಿ ಅಜ್ಜಿಯರಿಗೆ ತರಬೇತಿ ಕೊಟ್ಟು, ಆಸ್ಪತ್ರೆಯ ಹೊರಗೆ ಮರದ ಬೆಂಚಿನ ಮೇಲೆ ಕುಳ್ಳಿರಿಸಿದರು. ಮನಸ್ಸು ಭಾರವಾದವರು ಬಂದು ಅಜ್ಜಿಯ ಪಕ್ಕದಲ್ಲಿ ಕುಳಿತು ಹೇಳಿಕೊಳ್ಳಬಹುದು. ಅಲ್ಲಿನ ಜನ ತಮ್ಮ ಬೇನೆಗೆ ಇಟ್ಟಿರುವ ಹೆಸರಿನ ಅರ್ಥ ‘ಅತಿಯಾದ ಯೋಚನೆ’ ಎಂದು. ನಮ್ಮ ಹಳ್ಳಿಗಳಲ್ಲಿಯೂ “ಯೋಚನೆ ಹೆಚ್ಚಾಗಿದೆ” ಎನ್ನುವುದಿಲ್ಲವೆ?

ಈ ಬೆಂಚಿನ ಚಿಕಿತ್ಸೆಯನ್ನು ಶಾಸ್ತ್ರೀಯವಾಗಿ ಪರೀಕ್ಷಿಸಿ, ಅದರ ಫಲಿತಾಂಶವನ್ನು 2016ರಲ್ಲಿ ಅಮೆರಿಕದ ಪ್ರಸಿದ್ಧ ವೈದ್ಯ ಪತ್ರಿಕೆಯಲ್ಲಿ ಪ್ರಕಟಿಸಲಾಯಿತು. ಆರು ತಿಂಗಳ ತರುವಾಯ, ರೂಢಿಯ ಚಿಕಿತ್ಸೆ ಪಡೆದವರಲ್ಲಿ ನೂರಕ್ಕೆ 50 ಜನರಿಗೆ ಖಿನ್ನತೆಯ ಲಕ್ಷಣಗಳು ಉಳಿದಿದ್ದರೆ, ಬೆಂಚಿನಲ್ಲಿ ಕುಳಿತವರಲ್ಲಿ ಉಳಿದಿದ್ದುದು ನೂರಕ್ಕೆ 14 ಜನರಿಗೆ ಮಾತ್ರ. ಅಜ್ಜಿಯರ ಬಳಿ ಮಾತ್ರೆಗಳಿರಲಿಲ್ಲ, ಕಿವಿಗಳಿದ್ದವು, ಸಮಯವಿತ್ತು. ಇಲ್ಲಿ ಗಮನಿಸಬೇಕಾದ ಮತ್ತೊಂದು ಸೂಕ್ಷ್ಮವಿದೆ. ಯಾರನ್ನು ಸಮಾಜ “ವಯಸ್ಸಾಯಿತು, ಮೂಲೆಯಲ್ಲಿರಲಿ” ಎಂದು ಬಿಡುವುದೋ, ಅವರನ್ನೇ ನಾಲ್ಕು ಜನ ಹುಡುಕಿಕೊಂಡು ಬರುವಂತಾಯಿತು. ಒಂಟಿಯಾದವರಿಗೆ ಕರುಣೆ ತೋರಿಸುವುದು ಒಂದು ಬಗೆ; ಅವರಿಂದ ನಮಗೊಂದು ಉಪಕಾರವಾಗಬೇಕೆಂದು ಕೇಳುವುದು ಅದಕ್ಕಿಂತ ಮೇಲಾದ ಬಗೆ.

ನಾವು ಮಾಡಬಹುದಾದುದು

ತೋಕಿವಾದೈರಾ ಬಡಾವಣೆಯ ನಿವಾಸಿಗಳೂ ಕೈಕಟ್ಟಿ ಕೂರಲಿಲ್ಲ. ತಮ್ಮಲ್ಲಿ ಇನ್ನು ಒಂಟಿ ಸಾವು ಸಂಭವಿಸಬಾರದೆಂದು ಸಂಕಲ್ಪ ಮಾಡಿ, ನೆರೆಯವರ ಯೋಗಕ್ಷೇಮ ವಿಚಾರಿಸುವ ಕ್ರಮವನ್ನು ರೂಢಿಗೆ ತಂದರು. ಬಂದು ಕುಳಿತು ಚಹಾ ಕುಡಿದು ಹರಟುವುದಕ್ಕಾಗಿ ಒಂದು ಕೋಣೆಯನ್ನು ತೆರೆದರು. ಅದೇ ಜನ, ಅದೇ ಗೋಡೆಗಳು. ಬದಲಾದುದು ನೆರೆಯವರ ನಡವಳಿಕೆ ಮಾತ್ರ.

ನಮ್ಮಲ್ಲಿಯೂ ಇದೇನೂ ಅಸಾಧ್ಯವಲ್ಲ. ಮಹಡಿಯ ಮೇಲಿನ ಮನೆಯಲ್ಲಿ ಒಂಟಿಯಾಗಿರುವ ಅಜ್ಜಿಯ ಬಳಿಗೆ ಹಬ್ಬದ ದಿನ ಹೋಳಿಗೆ ಕೊಟ್ಟು ಬರುವುದು ಒಳ್ಳೆಯದೇ. ಆದರೆ, “ಅಜ್ಜಿ, ಒಬ್ಬಟ್ಟಿನ ಸಾರಿಗೆ ನಿಮ್ಮ ಕೈಹದ ಹೇಳಿಕೊಡಿ” ಎಂದು ಕೇಳಿಕೊಂಡು ಹೋದರೆ ಆಕೆಯ ಮುಖ ಇನ್ನೂ ಅರಳೀತು. ನಿವೃತ್ತರಾದ ಮೇಷ್ಟರಿಗೆ ಮಗುವಿನ ಗಣಿತದ ಪುಸ್ತಕವನ್ನು ಒಯ್ದು ತೋರಿಸಬಹುದು. ಮನೆಯಲ್ಲಿ ದಿನಕ್ಕೆ ಒಂದು ಹೊತ್ತಿನ ಊಟವನ್ನಾದರೂ ಮೊಬೈಲುಗಳನ್ನು ದೂರವಿಟ್ಟು ಎಲ್ಲರೂ ಕೂಡಿ ಮಾಡಬಹುದು. ಕೋಣೆ ಸೇರಿದ ಮಗನನ್ನು ಗದರಿಸಿ ಹೊರಗೆಳೆಯುವ ಬದಲು, ಸಂತೆಗೆ ಜೊತೆಯಲ್ಲಿ ಕರೆದುಕೊಂಡು ಹೋಗಬಹುದು. ಎದುರುಬದುರು ಕುಳಿತಾಗ ಆಡದ ಮಾತನ್ನು ಮಕ್ಕಳು ಪಕ್ಕದಲ್ಲಿ ನಡೆಯುವಾಗ ಆಡುತ್ತಾರೆ. ಒಂಟಿತನವನ್ನು ತಾವೇ ಅನುಭವಿಸುತ್ತಿರುವವರು ಒಂದು ಸಂಗತಿಯನ್ನು ನೆನಪಿಡಬೇಕು. “ಯಾರಿಗೂ ನಾನು ಬೇಡ” ಎನ್ನುವ ಒಳಗಿನ ಧ್ವನಿ ಸತ್ಯವನ್ನೇ ನುಡಿಯುತ್ತದೆಂದೇನೂ ಇಲ್ಲ. ಅದು ಹಸಿದ ಮನಸ್ಸಿನ ಸಂಶಯ. ಆ ಸಂಶಯವನ್ನು ತಿದ್ದಿಕೊಳ್ಳಲು ನೆರವಾಗುವ ಚಿಕಿತ್ಸೆಯೇ ಒಂಟಿತನಕ್ಕೆ ಹೆಚ್ಚು ಗುಣಕಾರಿಯೆಂದು ಸಂಶೋಧಕರು ಕಂಡುಕೊಂಡಿದ್ದಾರೆ.

ಮನಸ್ಸಿನ ಭಾರ ತಡೆಯಲಾರದಷ್ಟಾದರೆ ಸಹಾಯ ಕೇಳುವುದರಲ್ಲಿ ಸಂಕೋಚ ಸಲ್ಲದು. ಭಾರತ ಸರಕಾರ 2022ರ ಅಕ್ಟೋಬರಿನಲ್ಲಿ ಆರಂಭಿಸಿದ, ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ಮಾರ್ಗದರ್ಶನವುಳ್ಳ ‘ಟೆಲಿ ಮಾನಸ್’ ಸೇವೆಯ ದೂರವಾಣಿ ಸಂಖ್ಯೆ 14416, ಕನ್ನಡದಲ್ಲಿಯೇ ಮಾತನಾಡಬಹುದು. ಹಿರಿಯ ನಾಗರಿಕರಿಗಾಗಿಯೇ ಇರುವ ರಾಷ್ಟ್ರೀಯ ಸಹಾಯವಾಣಿಯ ಸಂಖ್ಯೆ 14567.

ದೊಡ್ಡ ಕೆಲಸಗಳನ್ನು ಮಂತ್ರಿಗಳೂ ವೈದ್ಯರೂ ಮಾಡಲಿ. ನಮ್ಮ ಪಾಲಿನದು ಬಹಳ ಸಣ್ಣದು. ದಿನವೂ ವಾಕಿಂಗ್‌ನಲ್ಲಿ ಎದುರಾಗುತ್ತಿದ್ದ ಒಬ್ಬರು, ದೇವಸ್ಥಾನದ ಮೆಟ್ಟಿಲಲ್ಲಿ ಕುಳಿತಿರುತ್ತಿದ್ದ ಇನ್ನೊಬ್ಬರು, ಎರಡು ದಿನಗಳಿಂದ ಕಾಣಿಸಿಲ್ಲವೆ? ಈ ಸಂಚಿಕೆಯನ್ನು ಮಡಿಸಿಟ್ಟು, ಅವರ ಮನೆಯ ತನಕ ಹೋಗಿ ಬಾಗಿಲು ತಟ್ಟಿ, ಕೇಳಿ ಬನ್ನಿ.